ಯೋನಿ ದ್ರವದ ಮಾದರಿ: 8ನೇ ದಿನಕ್ಕೂ 20ನೇ ದಿನಕ್ಕೂ ಇಷ್ಟು ವ್ಯತ್ಯಾಸ ಯಾಕೆ?

ಅಗರ್‌ತಟ್ಟೆ ಕೇಳಿದ್ದು:

ಎಂಎಸ್ಸಿ ಮೈಕ್ರೋಬಯಾಲಜಿ ಪ್ರಾಜೆಕ್ಟಿನ ವಿಷಯ. ಸೋಂಕಿಲ್ಲದ, 20ರಿಂದ 35 ವಯಸ್ಸಿನ ಮಹಿಳೆಯರಿಂದ ಲ್ಯಾವೇಜ್ ತೆಗೆಯುತ್ತಿದ್ದೇವೆ. 10 ಎಂಎಲ್ ಸಲೈನಿನಿಂದ ಗರ್ಭಕಂಠವನ್ನೂ ಯೋನಿಯ ಗೋಡೆಯನ್ನೂ ತೊಳೆದು, ಆ ದ್ರವವನ್ನು ಮತ್ತೆ ಸಿರಿಂಜಿಗೆ ಎಳೆದುಕೊಳ್ಳುವ ವಿಧಾನ. ಅದರಲ್ಲಿ ಐಜಿಜಿ, ಐಜಿಎ (ಎರಡೂ ಪ್ರತಿಕಾಯಗಳು), ಎಸ್‌ಎಲ್‌ಪಿಐ (ರೋಗಾಣು ತಡೆಯುವ ಪ್ರೋಟೀನು), ಐಎಲ್-8 (ಉರಿಯೂತದ ಸಂಕೇತ ಪ್ರೋಟೀನು) ಅಳೆಯಬೇಕು. ಪ್ರತಿಯೊಬ್ಬರಿಂದ ಎರಡು ಮಾದರಿ: ಮುಟ್ಟಾದ 8ನೇ ದಿನ ಮತ್ತು 20ನೇ ದಿನ.

ಕೆಲವರಲ್ಲಿ ಎರಡನೇ ಮಾದರಿಯ ಅಂಕಿ ಮೊದಲಿನದರ ಹತ್ತನೇ ಒಂದು ಭಾಗಕ್ಕೆ ಇಳಿದಿದೆ. ಕೆಲವರಲ್ಲಿ ಏನೂ ಬದಲಾಗಿಲ್ಲ. ಒಬ್ಬಿಬ್ಬರಲ್ಲಿ ಐಜಿಜಿ ಮಾತ್ರ ವಿಪರೀತ ಏರಿದೆ. ಕಿಟ್ ಸರಿಯಿದೆ, ಸ್ಟ್ಯಾಂಡರ್ಡ್ ಕರ್ವ್ ಕೂಡ ಚೆನ್ನಾಗಿದೆ. ಇದು ಹಾರ್ಮೋನಿನ ಆಟವೋ ಮಾದರಿ ತೆಗೆಯುವುದರಲ್ಲಿನ ದೋಷವೋ?

ಇನ್ನೊಂದು ಅನುಮಾನ. ಅಂಡೋತ್ಸರ್ಗದ ನಂತರ ಜನನಾಂಗದ ಪ್ರತಿರೋಧ ಇಳಿಯುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಹೊಟ್ಟೆಯೊಳಗಿನ ಸೋಂಕು ಮುಟ್ಟಿನ ನಂತರ ಕಾಣಿಸಿಕೊಳ್ಳುವುದೇಕೆ? ಗರ್ಭನಿರೋಧಕ ಗುಳಿಗೆ, ಇಂಜೆಕ್ಷನ್ ತೆಗೆದುಕೊಳ್ಳುವವರನ್ನು ಅಧ್ಯಯನದಲ್ಲಿ ಇಟ್ಟುಕೊಳ್ಳಬಹುದೇ?

---

ಲಿಂಫ್‌ನೋಡ್ ಉತ್ತರ:

"ಪ್ರತಿರೋಧ ಇಳಿಯುತ್ತದೆ" ಎಂಬ ಮಾತು ಕೇಳಲು ಸಲೀಸು, ಆದರೆ ಯಾವುದು ಇಳಿಯುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಹೇಳದಿದ್ದರೆ ಅದರಿಂದ ಉಪಯೋಗವಿಲ್ಲ. ಯೋನಿ, ಗರ್ಭಕಂಠ, ಗರ್ಭಕೋಶದ ಒಳಪದರ ಮೂರಕ್ಕೂ ತಲುಪುವ ಹಾರ್ಮೋನು ಒಂದೇ. ಉತ್ತರ ಮಾತ್ರ ಮೂರು ಬಗೆ. ಗರ್ಭಕೋಶದ ಎಪಿಥೀಲಿಯಲ್ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಎಸ್ಟ್ರಾಡಯಾಲ್ (ಮುಖ್ಯ ಈಸ್ಟ್ರೋಜನ್ ಹಾರ್ಮೋನು) ಹಾಕಿದರೆ ಎಸ್‌ಎಲ್‌ಪಿಐ, ಬೀಟಾ ಡಿಫೆನ್ಸಿನ್-2 ಹೆಚ್ಚಾಗಿ ಸ್ರವಿಸುತ್ತವೆ. ಯೋನಿಯ ಕೋಶಗಳಿಗೆ ಅದನ್ನೇ ಹಾಕಿದರೆ ಬೀಟಾ ಡಿಫೆನ್ಸಿನ್-2, ಇಲಾಫಿನ್ ಕಡಿಮೆಯಾಗುತ್ತವೆ (ಇವೂ ರೋಗಾಣು ತಡೆಯುವ ಪ್ರೋಟೀನುಗಳೇ).

ಗರ್ಭಕೋಶದಿಂದ ಶುರು ಮಾಡೋಣ, ಏಕೆಂದರೆ ಅಲ್ಲಿನ ಏರಿಳಿತವೇ ಎಲ್ಲಕ್ಕಿಂತ ದೊಡ್ಡದು. ಅಂಡೋತ್ಸರ್ಗಕ್ಕೆ ಮುಂಚೆ ಅಲ್ಲಿನ ಸಿಡಿ8 ಟಿ ಕೋಶಗಳು ಸೋಂಕಿತ ಕೋಶವನ್ನು ಕೊಲ್ಲಬಲ್ಲವು. ಅಂಡೋತ್ಸರ್ಗದ ನಂತರ ಕೋಶಗಳು ಅಲ್ಲೇ ಇರುತ್ತವೆ, ಕೊಲ್ಲುವ ಕೆಲಸ ಮಾತ್ರ ನಿಲ್ಲುತ್ತದೆ. ಇದರಲ್ಲಿ ಪ್ರತಿರೋಧವನ್ನು ತಗ್ಗಿಸುವ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನಿನ ಕೈವಾಡವಿದೆ. ಅರ್ಧ ಪರಕೀಯವಾದ ಭ್ರೂಣ ಬಂದು ಅಂಟಿಕೊಳ್ಳಬೇಕಾದ ಜಾಗ ಅದು, ಸುಮ್ಮನಿರುವುದೇ ಅಲ್ಲಿ ಜಾಣತನ. ಒಳಪದರದಲ್ಲಿ ಲಿಂಫಾಯ್ಡ್ ಗುಂಪುಗಳೂ ಇವೆ: ನಡುವೆ ಬಿ ಕೋಶ, ಸುತ್ತ ಸಿಡಿ8, ಹೊರಗೆ ಮ್ಯಾಕ್ರೋಫೇಜುಗಳ ಬಳೆ. ಚಕ್ರದ ಮೊದಲರ್ಧದಲ್ಲಿ ಒಂದೊಂದು ಗುಂಪಿನಲ್ಲಿ 300ರಿಂದ 400 ಕೋಶ, ಎರಡನೇ ಅರ್ಧದಲ್ಲಿ 3,000ದಿಂದ 4,000. ಸಂಖ್ಯೆ ಹತ್ತು ಪಟ್ಟಾಗುತ್ತದೆ, ಕೊಲ್ಲುವ ಸಾಮರ್ಥ್ಯ ಇಲ್ಲವಾಗುತ್ತದೆ. ಬರೀ ಎಣಿಕೆ ನೋಡಿದವರು ಇಲ್ಲಿ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಗರ್ಭಕಂಠ ಮತ್ತು ಯೋನಿಯ ಸಿಡಿ8 ಕೋಶಗಳು ಮಾತ್ರ ತಿಂಗಳಿಡೀ, ವಯಸ್ಸಾಗಿ ಮುಟ್ಟು ಶಾಶ್ವತವಾಗಿ ನಿಂತ ಮೇಲೂ, ಆ ಸಾಮರ್ಥ್ಯವನ್ನು ಬಿಟ್ಟುಕೊಡುವುದಿಲ್ಲ.

ಚಕ್ರದ ಕೊನೆಯ ಭಾಗದಲ್ಲಿ ಗರ್ಭಕೋಶದ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಎಂಬ ರಕ್ಷಕ ಕೋಶಗಳು ತುಂಬಿಕೊಳ್ಳುತ್ತವೆ. ಅವುಗಳಿಗೆ ಪ್ರೊಜೆಸ್ಟರಾನ್ ಗ್ರಾಹಕವೇ ಇಲ್ಲ. ಪ್ರೊಜೆಸ್ಟರಾನ್ ಸ್ಟ್ರೋಮಾ (ಒಳಪದರದ ಆಧಾರ ಅಂಗಾಂಶ) ಕೋಶಗಳಿಗೆ ಹೇಳುತ್ತದೆ, ಅವು ಐಎಲ್-15 ಎಂಬ ಸಂಕೇತ ಪ್ರೋಟೀನು ಬಿಡುತ್ತವೆ, ಅದರಿಂದ ಎನ್‌ಕೆ ಹೆಚ್ಚುತ್ತವೆ. ಗರ್ಭ ನಿಲ್ಲದೆ ಪ್ರೊಜೆಸ್ಟರಾನ್ ಕುಸಿದರೆ ಐಎಲ್-8 ಏರಿ ನ್ಯೂಟ್ರೋಫಿಲ್‌ಗಳು ನುಗ್ಗುತ್ತವೆ, ಪ್ರೋಟಿಯೇಸ್ ಕಿಣ್ವಗಳು ಪದರವನ್ನು ಕಳಚುತ್ತವೆ. ಮುಟ್ಟು ಎಂದರೆ ಒಂದು ಬಗೆಯ ಉರಿಯೂತವೇ. ಹಾಗಾಗಿ ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ಐಎಲ್-8 ಹೆಚ್ಚಿದ್ದರೆ ಸೋಂಕೆಂದು ಬರೆದುಬಿಡಬೇಡಿ.

ಈಗ ಗರ್ಭಕಂಠ. ನಿಮ್ಮ ಅಂಕಿಗಳ ಮೂಲ ಬಹುಪಾಲು ಇಲ್ಲೇ. ಸಾಮಾನ್ಯ ದಿನಗಳಲ್ಲಿ ದಿನಕ್ಕೆ 20ರಿಂದ 60 ಮಿಲಿಗ್ರಾಂ ಲೋಳೆ ಬರುವ ಜಾಗದಲ್ಲಿ ಅಂಡೋತ್ಸರ್ಗದ ಹೊತ್ತಿಗೆ ಅದರ ಹತ್ತು ಪಟ್ಟು ಬರುತ್ತದೆ. ತೆಳ್ಳಗೆ, ನೀರಾಗಿ, ಬೆರಳಿಗೆ ಹಿಡಿದು ಎಳೆದರೆ 8–10 ಸೆಂಟಿಮೀಟರ್ ದಾರದಂತೆ ಬರುತ್ತದೆ. ಅದರಲ್ಲಿ ಐಜಿಜಿ, ಐಜಿಎ, ಲೈಸೋಝೈಮ್, ಲ್ಯಾಕ್ಟೋಫೆರಿನ್ ಎಲ್ಲದರ ಸಾಂದ್ರತೆಯೂ ತಳ ಮುಟ್ಟುತ್ತದೆ. ಭಾಗಶಃ ಇದು ನೀರು ಬೆರೆತದ್ದರ ಫಲ, ಭಾಗಶಃ ನಿಜವಾದ ಇಳಿಕೆ. ಎಚ್‌ಪಿವಿ-16 ಲಸಿಕೆ ಪಡೆದವರ ಮೇಲಿನ 2003ರ ಅಧ್ಯಯನವೊಂದರಲ್ಲಿ ಅಂಡೋತ್ಸರ್ಗವಾಗುವವರ ಗರ್ಭಕಂಠದ ಐಜಿಜಿ ಆ ದಿನಗಳಲ್ಲಿ ಸುಮಾರು 9 ಪಟ್ಟು ಇಳಿಯಿತು, ಗುಳಿಗೆ ನುಂಗುತ್ತಿದ್ದವರಲ್ಲಿ ಸರಿಸುಮಾರು ಒಂದೇ ಮಟ್ಟದಲ್ಲಿತ್ತು. (ಇದರಿಂದ ಲಸಿಕೆ ಕೆಲಸ ಮಾಡುವುದಿಲ್ಲ ಎಂದು ಯಾರೂ ಅರ್ಥ ಮಾಡಿಕೊಳ್ಳಬೇಡಿ. ಇಳಿದ ಮೇಲೂ ಉಳಿಯುವಷ್ಟು ಪ್ರತಿಕಾಯ ಅದು ಕೊಡುತ್ತದೆ.)

ಯೋನಿಯ ಲೆಕ್ಕ ಸರಳ. ಈಸ್ಟ್ರೋಜನ್ ಪದರವನ್ನು ದಪ್ಪವಾಗಿಸಿ ಗ್ಲೈಕೋಜನ್ ತುಂಬಿಸುತ್ತದೆ, ಅಮೈಲೇಸ್ ಅದನ್ನು ಮಾಲ್ಟೋಸಿನಂಥ ಸಣ್ಣ ಸಕ್ಕರೆಗಳಾಗಿ ಒಡೆಯುತ್ತದೆ, ಲ್ಯಾಕ್ಟೋಬ್ಯಾಸಿಲಸ್‌ಗಳು ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಪಿಎಚ್ 3.8ರಿಂದ 4.5ರ ಒಳಗೆ ನಿಲ್ಲುತ್ತದೆ. ಲ್ಯಾಕ್ಟೋಬ್ಯಾಸಿಲಸ್‌ಗಳಲ್ಲಿ ಕ್ರಿಸ್ಪೇಟಸ್ ಪ್ರಭೇದ ಹೆಚ್ಚಿದ್ದವರಲ್ಲಿ ಈ ವ್ಯವಸ್ಥೆ ಗಟ್ಟಿ. ಐನರ್ಸ್ ಹೆಚ್ಚಿದ್ದವರಲ್ಲಿ ಬೇಗ ಅಲುಗಾಡುತ್ತದೆ.

---

ಒಪಿಡಿ_ಮಧ್ಯಾಹ್ನ ಉತ್ತರ:

ಲಿಂಫ್‌ನೋಡ್ ಅವರು ಹೇಳಿದ ಮೇಲೆ ನಿಮ್ಮ ಎರಡನೇ ಪ್ರಶ್ನೆ ಸುಲಭವಾಗುತ್ತದೆ. ಪ್ರತಿಯೊಂದು ರೋಗಾಣುವಿಗೂ ತನಗೆ ಬೇಕಾದ ದಿನ ಬೇರೆ.

ಗೊನೊರಿಯಾ, ಕ್ಲಮೈಡಿಯ ಗರ್ಭಕಂಠದಲ್ಲಿ ಸದ್ದಿಲ್ಲದೆ ಕೂತಿರುತ್ತವೆ. ಚಕ್ರದ ಎರಡನೇ ಅರ್ಧದಲ್ಲಿ ಪ್ರೊಜೆಸ್ಟರಾನ್ ಮಾಡಿದ ಗಟ್ಟಿ ಲೋಳೆಯ ಬಿರಡೆ ದಾರಿ ಮುಚ್ಚಿರುತ್ತದೆ. ಮುಟ್ಟಿನಲ್ಲಿ ಆ ಬಿರಡೆ ಹೋಗುತ್ತದೆ, ಒಳಪದರ ಕಳಚಿ ಹಸಿಯಾಗಿರುತ್ತದೆ, ರಕ್ತದ ಕಬ್ಬಿಣಾಂಶ ಬ್ಯಾಕ್ಟೀರಿಯಾಗಳಿಗೆ ಆಹಾರ, ಸ್ವಲ್ಪ ರಕ್ತ ಅಂಡನಾಳದ ಕಡೆಗೂ ಹಿಮ್ಮುಖವಾಗಿ ಹರಿಯುತ್ತದೆ. ಅದಕ್ಕೇ ಈ ಎರಡು ರೋಗಾಣುಗಳಿಂದ ಬರುವ ಅಂಡನಾಳದ ಸೋಂಕಿನಲ್ಲಿ ಕಿಬ್ಬೊಟ್ಟೆ ನೋವು ಹೆಚ್ಚಾಗಿ ಮುಟ್ಟು ಶುರುವಾದ 7 ದಿನಗಳ ಒಳಗೆ ಕಾಣಿಸಿಕೊಳ್ಳುತ್ತದೆ. ಪ್ರತಿಕಾಯ ಎಷ್ಟಿತ್ತು ಅನ್ನುವುದಕ್ಕಿಂತ ಬಾಗಿಲು ತೆರೆದಿತ್ತೇ ಅನ್ನುವುದು ಇಲ್ಲಿ ಮುಖ್ಯ.

ಕ್ಯಾಂಡಿಡಾ ಇದಕ್ಕೆ ತದ್ವಿರುದ್ಧ. ಮುಟ್ಟಿಗೆ ಮುಂಚಿನ ವಾರದಲ್ಲಿ ತುರಿಕೆ ಜಾಸ್ತಿ, ಮುಟ್ಟು ಬಂದರೆ ಇಳಿಯುತ್ತದೆ. ಈಸ್ಟ್ರೋಜನ್ ಇಲ್ಲದಿದ್ದರೆ ಈ ಶಿಲೀಂಧ್ರಕ್ಕೆ ಯೋನಿಯಲ್ಲಿ ನೆಲೆಯೇ ಇಲ್ಲ. ಮೈನೆರೆಯದ ಹುಡುಗಿಯರಲ್ಲಿ, ಹಾರ್ಮೋನು ತೆಗೆದುಕೊಳ್ಳದ, ಮುಟ್ಟು ನಿಂತವರಲ್ಲಿ ಅಪರೂಪ, ಬಸುರಿಯರಲ್ಲಿ ಹೆಚ್ಚು. ಉರಿ, ತುರಿಕೆ, ಕೆಂಪು ಬರುವುದು ಪ್ರತಿರೋಧ ಸೋತದ್ದರಿಂದ ಅಲ್ಲ, ನ್ಯೂಟ್ರೋಫಿಲ್‌ಗಳು ಬಂದು ಗದ್ದಲ ಮಾಡುವುದರಿಂದ.

ಇಲ್ಲೊಂದು ಎಚ್ಚರಿಕೆ. ಪ್ರತಿ ತಿಂಗಳೂ ಮುಟ್ಟಿಗೆ ಮುಂಚೆ ತುರಿಕೆ, ಫ್ಲುಕೊನಜೋಲ್ 150 ಮಿಲಿಗ್ರಾಂ ಎಷ್ಟು ಸಲ ಕೊಟ್ಟರೂ ಗುಣವಿಲ್ಲ ಅನ್ನುವವರಲ್ಲಿ ಗಾಜಿನ ಪಟ್ಟಿಯನ್ನು ಒಮ್ಮೆ ಸೂಕ್ಷ್ಮದರ್ಶಕದಡಿ ನೋಡಿ. ಶಿಲೀಂಧ್ರದ ಎಳೆಗಳಿಲ್ಲ, ಲ್ಯಾಕ್ಟೋಬ್ಯಾಸಿಲಸ್ ತುಂಬಿ ತುಳುಕುತ್ತಿವೆ, ಎಪಿಥೀಲಿಯಲ್ ಕೋಶಗಳು ಒಡೆದು ಬರೀ ನ್ಯೂಕ್ಲಿಯಸ್‌ಗಳು ಕಾಣುತ್ತಿವೆ, ಪಿಎಚ್ 3.5ರಿಂದ 4.5 ಎಂದರೆ ಅದು ಸೈಟೊಲಿಟಿಕ್ ವಜೈನೋಸಿಸ್ ಇರಬಹುದು. ಆಮ್ಲ ಅತಿಯಾದ ಸ್ಥಿತಿ. ಶಿಲೀಂಧ್ರದ ಔಷಧಿ ಅಲ್ಲಿ ಪ್ರಯೋಜನಕ್ಕೆ ಬಾರದು.

ಬ್ಯಾಕ್ಟೀರಿಯಲ್ ವಜೈನೋಸಿಸ್ (ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾಗಿ ಬೇರೆ ಬ್ಯಾಕ್ಟೀರಿಯಾ ಹೆಚ್ಚುವ ಸ್ಥಿತಿ) ಮುಟ್ಟಿನ ಬೆನ್ನಿಗೇ ತಲೆ ಎತ್ತುತ್ತದೆ. ರಕ್ತದ ಪಿಎಚ್ 7.4, ಆಮ್ಲ ತೆಳುವಾಗುತ್ತದೆ, ಈಸ್ಟ್ರೋಜನ್ ಕೂಡ ಆಗ ತಳದಲ್ಲಿರುತ್ತದೆ. ಮುಟ್ಟಿನ ದಿನ ಪಿಎಚ್ ಪಟ್ಟಿ ಇಟ್ಟು 5 ಬಂತೆಂದು ಅದರ ಔಷಧಿ ಮೆಟ್ರೋನಿಡಜೋಲ್ ಬರೆಯುವುದು ತಪ್ಪು. ವೀರ್ಯ ಇದ್ದರೂ ಅಷ್ಟೇ, ಅದರ ಪಿಎಚ್ 7.2ಕ್ಕಿಂತ ಮೇಲೆ. ಪಟ್ಟಿಯನ್ನು ಯೋನಿಯ ಪಕ್ಕದ ಗೋಡೆಗೆ ಮುಟ್ಟಿಸಿ. ಗರ್ಭಕಂಠದ ಲೋಳೆ ತಾಗಿದರೆ ಪಿಎಚ್ ಸುಳ್ಳಾಗಿ ಏರುತ್ತದೆ. ಆಮ್ಸೆಲ್‌ನ ನಾಲ್ಕು ಲಕ್ಷಣಗಳಲ್ಲಿ ಮೂರಾದರೂ ಇರಲಿ: ತೆಳುವಾಗಿ ಸಮನಾಗಿ ಅಂಟಿಕೊಂಡ ಬಿಳುಪು, ಪಿಎಚ್ 4.5ಕ್ಕಿಂತ ಹೆಚ್ಚು, 10 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದರೆ ಮೀನಿನ ವಾಸನೆ, 20 ಶೇಕಡಾಕ್ಕಿಂತ ಹೆಚ್ಚು ಕ್ಲೂ ಕೋಶಗಳು (ಬ್ಯಾಕ್ಟೀರಿಯಾ ಮುತ್ತಿದ ಎಪಿಥೀಲಿಯಲ್ ಕೋಶಗಳು).

ಮುಟ್ಟು ನಿಂತವರ ವಿಷಯ ನೀವು ಕೇಳಿಲ್ಲ, ಆದರೂ ಹಾರ್ಮೋನಿನ ಪಾತ್ರ ಇಷ್ಟು ಸ್ಪಷ್ಟವಾಗಿ ಕಾಣುವ ಇನ್ನೊಂದು ಉದಾಹರಣೆ ಕಡಿಮೆ. ಪದೇ ಪದೇ ಮೂತ್ರದ ಸೋಂಕಾಗುತ್ತಿದ್ದ ಹಿರಿಯ ಮಹಿಳೆಯರಿಗೆ ಎಸ್ಟ್ರಿಯಾಲ್ 0.5 ಮಿಲಿಗ್ರಾಂ ಯೋನಿ ಕ್ರೀಮನ್ನು ಎರಡು ವಾರ ಪ್ರತಿ ರಾತ್ರಿ, ನಂತರ 8 ತಿಂಗಳು ವಾರಕ್ಕೆರಡು ಸಲ ಹಚ್ಚಿದ ಅಧ್ಯಯನ 1993ರಲ್ಲಿ ಬಂತು. ಔಷಧಿಯಿಲ್ಲದ ಕ್ರೀಮಿನವರಲ್ಲಿ ವರ್ಷಕ್ಕೆ ತಲಾ 5.9 ಸೋಂಕು, ಎಸ್ಟ್ರಿಯಾಲ್ ಹಚ್ಚಿದವರಲ್ಲಿ 0.5. ಒಂದೇ ತಿಂಗಳಲ್ಲಿ ಎಸ್ಟ್ರಿಯಾಲ್‌ನವರ ಪೈಕಿ 61 ಶೇಕಡಾ ಮಂದಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಮರಳಿದ್ದವು.

---

ಮೈನಸ್_ಎಂಬತ್ತು ಉತ್ತರ:

ಮೊದಲ ಪ್ರಶ್ನೆಗೆ ನನ್ನ ಉತ್ತರ: ಹಾರ್ಮೋನೂ ಹೌದು, ದೋಷವೂ ಹೌದು. ದೋಷ ಇರುವುದು "20ನೇ ದಿನ" ಎನ್ನುವುದರಲ್ಲಿ.

ಅಂಡೋತ್ಸರ್ಗದಿಂದ ಮುಂದಿನ ಮುಟ್ಟಿನವರೆಗಿನ ಅವಧಿ ಹೆಚ್ಚು ಬದಲಾಗುವುದಿಲ್ಲ, ಸುಮಾರು 14 ದಿನ. ಎಳೆದಾಡುವುದು ಮೊದಲರ್ಧ. 28 ದಿನದ ಚಕ್ರದವರಿಗೆ 20ನೇ ದಿನ ಅಂಡೋತ್ಸರ್ಗವಾಗಿ ಆರು ದಿನ. 35 ದಿನದ ಚಕ್ರದವರಿಗೆ ಅಂಡ ಇನ್ನೂ ಹೊರಬಿದ್ದೇ ಇಲ್ಲ, ಈಸ್ಟ್ರೋಜನ್ ಉತ್ತುಂಗದಲ್ಲಿದೆ, ಲೋಳೆ ಧಾರಾಳ. ಪಿಸಿಒಎಸ್ (ಹಾರ್ಮೋನು ಏರುಪೇರಾಗುವ ಅಂಡಾಶಯದ ತೊಂದರೆ) ಇದ್ದವರಲ್ಲಿ ಆ ತಿಂಗಳು ಅಂಡೋತ್ಸರ್ಗವೇ ಆಗದಿರಬಹುದು. ಮೂವರನ್ನೂ ಒಂದೇ ಕಾಲಂನಲ್ಲಿ ಹಾಕಿದರೆ ಬರುವುದು ನೀವು ಹೇಳಿದ ಚಿತ್ರವೇ.

ಹೀಗೆ ಮಾಡಿ. ಚಕ್ರದ ಉದ್ದದಿಂದ 17 ಕಳೆದ ದಿನದಿಂದ ಮೂತ್ರದ ಎಲ್‌ಎಚ್ (ಅಂಡೋತ್ಸರ್ಗಕ್ಕೆ ಮುಂಚೆ ಏರುವ ಹಾರ್ಮೋನು) ಪಟ್ಟಿ ಶುರು ಮಾಡಿಸಿ. ಪಾಸಿಟಿವ್ ಬಂದ 24ರಿಂದ 36 ಗಂಟೆಗೆ ಅಂಡೋತ್ಸರ್ಗ. ಮೊದಲ ಮಾದರಿ ರಕ್ತಸ್ರಾವ ಪೂರ್ತಿ ನಿಂತ ಎರಡು ದಿನದ ನಂತರ, ಎರಡನೆಯದು ಎಲ್‌ಎಚ್ ಪಾಸಿಟಿವ್ ಬಂದ ಮಾರನೇ ದಿನ, ಮೂರನೆಯದು ಅದಾದ 7ರಿಂದ 9 ದಿನಕ್ಕೆ. ಮೂರನೇ ಭೇಟಿಯಲ್ಲಿ ರಕ್ತದ ಪ್ರೊಜೆಸ್ಟರಾನ್ ನೋಡಿ. ಪ್ರತಿ ಎಂಎಲ್‌ಗೆ 3 ನ್ಯಾನೋಗ್ರಾಂಗಿಂತ ಹೆಚ್ಚಿದ್ದರೆ ಅಂಡೋತ್ಸರ್ಗ ಆಗಿದೆ. ಪಿಸಿಒಎಸ್‌ನಲ್ಲಿ ಎಲ್‌ಎಚ್ ಮೊದಲೇ ಹೆಚ್ಚಿರುವುದರಿಂದ ಪಟ್ಟಿ ಸುಳ್ಳು ಪಾಸಿಟಿವ್ ಕೊಡುತ್ತದೆ. ಆದ್ದರಿಂದ ಪ್ರೊಜೆಸ್ಟರಾನ್ ಪರೀಕ್ಷೆ ಬಿಡಲೇಬೇಡಿ.

ಐಜಿಜಿ ಏರಿದ ಆ ಒಬ್ಬಿಬ್ಬರಲ್ಲಿ ಬಹುಶಃ ರಕ್ತ ಬೆರೆತಿದೆ. ಸೀರಂನಲ್ಲಿ ಐಜಿಜಿ ಪ್ರತಿ ಎಂಎಲ್‌ಗೆ ಸುಮಾರು 10 ಮಿಲಿಗ್ರಾಂ. ಕಣ್ಣಿಗೆ ಕಾಣದಷ್ಟು ರಕ್ತ ಸೇರಿದರೂ ಲ್ಯಾವೇಜಿನ ಲೆಕ್ಕ ತಲೆಕೆಳಗು. ಮೂತ್ರ ಪರೀಕ್ಷೆಯ ಡಿಪ್‌ಸ್ಟಿಕ್‌ನ ರಕ್ತದ ಚೌಕವನ್ನು ದ್ರವದಲ್ಲಿ ಅದ್ದಿ ನೋಡಿ, ದರ್ಜೆ ಬರೆದಿಡಿ. ಕ್ರಮವೂ ಮುಖ್ಯ: ಮೊದಲು ಸ್ವಾಬ್, ಆಮೇಲೆ ಲ್ಯಾವೇಜ್, ಕಟ್ಟಕಡೆಗೆ ಸೈಟೊಬ್ರಷ್. ಬ್ರಷ್ ಮೊದಲು ತಿರುಗಿಸಿದರೆ ರಕ್ತ ಖಂಡಿತ. ಸ್ಪೆಕ್ಯುಲಂಗೆ ಜೆಲ್ಲಿ ಬೇಡ, ಬೆಚ್ಚಗಿನ ಸಲೈನ್ ಸಾಕು. ಮುಂಚಿನ 72 ಗಂಟೆ ಸಂಭೋಗ ಬೇಡ ಎಂದು ಹೇಳಿ. ಹೇಳಿದ್ದಷ್ಟೇ ಸಾಲದು, ಪಿಎಸ್‌ಎ (ವೀರ್ಯದಲ್ಲಿರುವ ಪ್ರೋಟೀನು) ಪಟ್ಟಿಯಿಂದ ವೀರ್ಯ ಇಲ್ಲವೆಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ವೀರ್ಯವೇ ಐಎಲ್-8 ಹೆಚ್ಚಿಸುತ್ತದೆ.

ನೀರಿನ ಪ್ರಮಾಣದ ತೊಂದರೆ ಉಳಿಯುತ್ತದೆ. ಯೋನಿಯಲ್ಲಿ ಅರ್ಧ ಎಂಎಲ್ ದ್ರವವಿದ್ದರೂ ಒಂದು ಎಂಎಲ್ ಇದ್ದರೂ ನೀವು ಹಾಕುವುದು 10 ಎಂಎಲ್. ಒಟ್ಟು ಪ್ರೋಟೀನಿನಿಂದ ಭಾಗಿಸಿ ಸರಿಪಡಿಸುತ್ತೇವೆ ಎಂದು ಹಲವರು ಬರೆಯುತ್ತಾರೆ. ನನಗದು ಒಪ್ಪಿಗೆಯಿಲ್ಲ, ಒಟ್ಟು ಪ್ರೋಟೀನೇ ಚಕ್ರದ ಜತೆ ಬದಲಾಗುತ್ತದೆ. ಸಲೈನಿಗೆ ಮೊದಲೇ 10 ಮಿಲಿಮೋಲಾರ್ ಲಿಥಿಯಂ ಕ್ಲೋರೈಡ್ ಸೇರಿಸಿ, ತೆಗೆದ ದ್ರವದಲ್ಲಿ ಲಿಥಿಯಂ ಎಷ್ಟು ತೆಳುವಾಗಿದೆ ನೋಡಿದರೆ ಒಳಗಿದ್ದ ದ್ರವದ ಪ್ರಮಾಣ ಸಿಗುತ್ತದೆ. ಅದಾಗದಿದ್ದರೆ ತೂಕ ಮಾಡಿಟ್ಟ ಸ್ಪಂಜು ಬಳಸಿ, ಹೀರಿಕೊಂಡ ಮೇಲೆ ಮತ್ತೆ ತೂಗಿ.

ದ್ರವವನ್ನು ಐಸ್ ಮೇಲೆ ತಂದು, ಪ್ರೋಟಿಯೇಸ್ ತಡೆಯುವ ದ್ರಾವಣ ಸೇರಿಸಿ, ಸೆಂಟ್ರಿಫ್ಯೂಜ್ ಮಾಡಿ, ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಡಿ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಸೈಟೊಕೈನ್‌ಗಳ ಅಂಕಿ ನಂಬುವಂತಿರುವುದಿಲ್ಲ.

---

ಅಗರ್‌ತಟ್ಟೆ:

ಎಲ್ಲರಿಗೂ ಧನ್ಯವಾದ. ಹಾಗಾದರೆ ಈಗಾಗಲೇ ತೆಗೆದ ಮಾದರಿಗಳನ್ನು ಎಸೆಯಬೇಕೇ? ಅದೇ ದಿನದ ಸೀರಂ ಕೂಡ ಫ್ರೀಜರಿನಲ್ಲಿದೆ.

---

ಮೈನಸ್_ಎಂಬತ್ತು ಉತ್ತರ:

ಎಸೆಯಬೇಡಿ. ಸೀರಂ ಇದ್ದರೆ ಅರ್ಧ ಕೆಲಸ ಮುಗಿದಂತೆ. ಪ್ರೊಜೆಸ್ಟರಾನ್, ಎಸ್ಟ್ರಾಡಯಾಲ್ ಮಾಡಿಸಿ. ಜತೆಗೆ ಆ ಮಾದರಿಯ ನಂತರ ಮುಟ್ಟಾದ ದಿನಾಂಕವನ್ನು ಫೋನ್ ಮಾಡಿ ಕೇಳಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಎರಡೂ ಹೊಂದಿದರೆ ಸರಿಯಾದ ಹಂತಕ್ಕೆ ಸೇರಿಸಿ, ಹೊಂದದಿದ್ದರೆ "ಹಂತ ತಿಳಿಯದು" ಎಂದು ಪ್ರತ್ಯೇಕವಾಗಿಡಿ. ಕಿಟ್ ಹಿಡಿಯಲಾಗದಷ್ಟು ಕಡಿಮೆ ಬಂದಲ್ಲಿ ಸೊನ್ನೆ ಹಾಕಬೇಡಿ. ಪತ್ತೆ ಮಿತಿಯ ಅರ್ಧ ಹಾಕಿ, ಲಾಗ್‌ಗೆ ಬದಲಿಸಿ, ಅದೇ ಮಹಿಳೆಯ ಮಾದರಿಗಳನ್ನು ಜೋಡಿಯಾಗಿ ಹೋಲಿಸಿ. ಒಬ್ಬರಿಂದೊಬ್ಬರಿಗೆ ಇರುವ ವ್ಯತ್ಯಾಸ ಹೆಚ್ಚು, ಗುಂಪಿನ ಸರಾಸರಿಯಲ್ಲಿ ಚಕ್ರದ ಪರಿಣಾಮ ಮುಚ್ಚಿಹೋಗುತ್ತದೆ.

---

ಲಿಂಫ್‌ನೋಡ್ ಉತ್ತರ:

ಇಂಜೆಕ್ಷನ್ ಪ್ರಶ್ನೆ ಬಾಕಿ ಉಳಿದಿದೆ. ಮೂರು ತಿಂಗಳಿಗೊಮ್ಮೆ 150 ಮಿಲಿಗ್ರಾಂ ಡಿಎಂಪಿಎ (ಪ್ರೊಜೆಸ್ಟರಾನಿನಂಥ ಕೃತಕ ಹಾರ್ಮೋನು), ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಅಂತರಾ ಹೆಸರಿನಲ್ಲಿ ಕೊಡುವುದು ಇದನ್ನೇ. ಇದು ಅಂಡೋತ್ಸರ್ಗ ನಿಲ್ಲಿಸುತ್ತದೆ, ಎಸ್ಟ್ರಾಡಯಾಲನ್ನು ಕೆಳಮಟ್ಟದಲ್ಲಿ ಇಡುತ್ತದೆ. ಸಾಲದ್ದಕ್ಕೆ ಅದು ಗ್ಲೂಕೊಕಾರ್ಟಿಕಾಯ್ಡ್ ಗ್ರಾಹಕಕ್ಕೂ ಅಂಟಿಕೊಳ್ಳುತ್ತದೆ, ದೇಹದ ಸ್ವಂತ ಪ್ರೊಜೆಸ್ಟರಾನಿಗೆ ಅಷ್ಟು ಹಿಡಿತವಿಲ್ಲ. ಆದ್ದರಿಂದ ಇವರನ್ನು "ಚಕ್ರದ ಎರಡನೇ ಅರ್ಧ" ಎಂದು ಪರಿಗಣಿಸುವುದು ತಪ್ಪು.

ಎಚ್‌ಐವಿ ಭಯದ ಬಗ್ಗೆಯೂ ಹೇಳಿಬಿಡುತ್ತೇನೆ, ಅರ್ಧ ಮಾಹಿತಿ ತುಂಬ ಓಡಾಡುತ್ತಿದೆ. 1996ರಲ್ಲಿ ಮಕಾಕ್ ಕೋತಿಗಳಿಗೆ ಪ್ರೊಜೆಸ್ಟರಾನ್ ಇಂಪ್ಲಾಂಟ್ ಇಟ್ಟಾಗ ಯೋನಿಯ ಪದರ ತೆಳುವಾಗಿ ಎಸ್‌ಐವಿ (ಎಚ್‌ಐವಿಯನ್ನು ಹೋಲುವ ಕೋತಿಗಳ ವೈರಸ್) ಸೋಂಕು 7.7 ಪಟ್ಟು ಹೆಚ್ಚಿತು. 2008ರಲ್ಲಿ ಡಾರ್ಟ್‌ಮತ್‌ನ ವೀರಾ ಮತ್ತು ಫೇಹಿ, ಅಂಡೋತ್ಸರ್ಗದ ನಂತರದ 7ರಿಂದ 10 ದಿನ ಎಚ್‌ಐವಿಗೆ ಸುಲಭದ ಅವಧಿ ಇರಬಹುದು ಎಂಬ ವಾದ ಮುಂದಿಟ್ಟರು. ಆದರೆ ಮನುಷ್ಯರಲ್ಲಿ ಯಾವ ದಿನ ಸೋಂಕು ತಗುಲಿತು ಎಂದು ಗುರುತಿಸುವುದೇ ಕಷ್ಟ. 2019ರ ಎಕೋ ಪ್ರಯೋಗದಲ್ಲಿ ಎಸ್ವಾಟಿನಿ, ಕೀನ್ಯಾ, ದಕ್ಷಿಣ ಆಫ್ರಿಕಾ, ಝಾಂಬಿಯಾದ 7,829 ಮಹಿಳೆಯರನ್ನು ಡಿಎಂಪಿಎ, ತಾಮ್ರದ ಐಯುಡಿ (ಗರ್ಭಕೋಶದೊಳಗೆ ಇಡುವ ಗರ್ಭನಿರೋಧಕ ಸಾಧನ), ಲೆವೊನಾರ್ಜೆಸ್ಟ್ರೆಲ್ ಇಂಪ್ಲಾಂಟ್ ಎಂದು ಮೂರು ಗುಂಪು ಮಾಡಿದರು. 100 ಮಹಿಳಾ-ವರ್ಷಕ್ಕೆ ಎಚ್‌ಐವಿ ಕ್ರಮವಾಗಿ 4.19, 3.94, 3.31. ಗಣನೀಯ ವ್ಯತ್ಯಾಸವಿಲ್ಲ ಎಂಬುದು ತೀರ್ಮಾನ, ಆ ವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ನಿರ್ಬಂಧ ಸಡಿಲಿಸಿತು. ಯಾವ ವಿಧಾನವನ್ನೂ ಬಳಸದವರ ಗುಂಪು ಅಲ್ಲಿರಲಿಲ್ಲ ಎಂಬುದು ನೆನಪಿರಲಿ. ಮೂರೂ ಗುಂಪಿನಲ್ಲಿ ಸೋಂಕು ಹೆಚ್ಚೇ ಇತ್ತು, ಕಾಂಡೋಮಿನ ಅಗತ್ಯ ಯಾವ ವಿಧಾನದಿಂದಲೂ ತಪ್ಪುವುದಿಲ್ಲ.

---

ಇಲಿಬೋನು ಉತ್ತರ:

ಇಲಿಗಳ ಕಡೆಯಿಂದ ಒಂದು ಮಾತು. ಇಲಿಯ ಚಕ್ರ 4–5 ದಿನ, ಮುಟ್ಟಿಲ್ಲ, ಯೋನಿಯ ಪಿಎಚ್ ತಟಸ್ಥದ ಹತ್ತಿರ, ಲ್ಯಾಕ್ಟೋಬ್ಯಾಸಿಲಸ್‌ಗಳ ಆಳ್ವಿಕೆಯೂ ಇಲ್ಲ. ಆದರೂ ರೋಗಾಣುವಿನಿಂದ ರೋಗಾಣುವಿಗೆ ಬೇಕಾದ ದಿನ ಬೇರೆ ಎಂಬ ಮೇಲಿನ ಮಾತಿಗೆ ಇಲ್ಲಿ ನೇರ ಪುರಾವೆ ಸಿಗುತ್ತದೆ. ಹರ್ಪಿಸ್-2 ಅಂಟಿಸಬೇಕಾದರೆ 5ರಿಂದ 7 ದಿನ ಮುಂಚೆ 2 ಮಿಲಿಗ್ರಾಂ ಡಿಎಂಪಿಎ ಚರ್ಮದಡಿ ಕೊಡುತ್ತಾರೆ. ಕ್ಯಾಂಡಿಡಾ ಅಂಟಿಸಬೇಕಾದರೆ 3 ದಿನ ಮುಂಚೆ 0.1 ಮಿಲಿಗ್ರಾಂ ಎಸ್ಟ್ರಾಡಯಾಲ್ ವ್ಯಾಲರೇಟ್. ಅದಲು ಬದಲು ಮಾಡಿದರೆ ಎರಡೂ ಪ್ರಯೋಗ ಕೈಕೊಡುತ್ತವೆ. ಪ್ರಬಂಧ ಓದುವಾಗ ಇಲಿಗೆ ಯಾವ ಹಾರ್ಮೋನು ಕೊಟ್ಟಿದ್ದಾರೆ ಎಂದು ವಿಧಾನದ ಭಾಗದಲ್ಲಿ ಮೊದಲು ನೋಡಿ, ಆಮೇಲೆ ಫಲಿತಾಂಶಕ್ಕೆ ಹೋಗಿ.

---

ಒಪಿಡಿ_ಮಧ್ಯಾಹ್ನ ಉತ್ತರ:

ಗುಳಿಗೆಯವರನ್ನು ಹೊರಗಿಡಬೇಕಾಗಿಲ್ಲ, ಪ್ರತ್ಯೇಕ ಗುಂಪು ಮಾಡಿ. ಅಂಡೋತ್ಸರ್ಗವಿಲ್ಲದ್ದರಿಂದ ನಡುತಿಂಗಳ ಇಳಿತ ಅವರಲ್ಲಿ ಕಾಣಬಾರದು. ನಿಮ್ಮ ವಿಧಾನ ಸರಿಯಿದೆಯೇ ಎಂದು ತಿಳಿಯಲು ಅದೇ ಒಳ್ಳೆಯ ಹೋಲಿಕೆ. 21 ಹಾರ್ಮೋನು ಗುಳಿಗೆಯ ಪಟ್ಟಿಯಾದರೆ ಎರಡೂ ಮಾದರಿ ಆ 21 ದಿನಗಳ ಒಳಗೇ ಬರಲಿ, ಬಿಡುವಿನ ವಾರ ಬೇಡ. ಡಿಎಂಪಿಎಯವರಲ್ಲಿ ಇಂಜೆಕ್ಷನ್ ಆಗಿ ಎಷ್ಟು ವಾರವಾಯಿತು ಎಂದು ಬರೆದುಕೊಳ್ಳಿ. ಅವರಿಗೆ ಆಗಾಗ ಸಣ್ಣ ರಕ್ತಸ್ರಾವ ಇರುತ್ತದೆ, ಡಿಪ್‌ಸ್ಟಿಕ್ ಮರೆಯಬೇಡಿ. ಹಾರ್ಮೋನಿನ ಐಯುಡಿ ಇದ್ದವರನ್ನು ಮಾತ್ರ ಬಿಟ್ಟುಬಿಡಿ. ಅವರಲ್ಲಿ ಅಂಡೋತ್ಸರ್ಗ ಹಲವು ತಿಂಗಳು ಆಗುತ್ತದೆ, ಲೋಳೆ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ನಿಮ್ಮ ಯಾವ ಗುಂಪಿಗೂ ಅವರು ಹೊಂದುವುದಿಲ್ಲ.